ಅಪ್ಪನ ಪುಸ್ತಕಗಳಿಗೆ ಹೊಸ ಮನೆ

ಅಪ್ಪ ಹೋದ ಮೇಲೆ ಬೀರು ತೆಗೆದರೆ ಸುಮಾರು ನಾನೂರು ಪುಸ್ತಕ. ರದ್ದಿಗೆ ಹಾಕಲು ಮನಸ್ಸೇ ಬರಲಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಪುಸ್ತಕಗಳಿದ್ದು ಯಾರಿಗಾದರೂ ಕೊಡುವುದಿದ್ದರೆ, ಮೊದಲು ಒಂದೊಂದನ್ನೂ ತಲೆಕೆಳಗು ಹಿಡಿದು ಕೊಡವಿ. ನಿಘಂಟಿನಿಂದ ಅಮ್ಮನ ಇನ್‌ಲ್ಯಾಂಡ್ ಲೆಟರ್ ಬಿತ್ತು, 1974ರದ್ದು. ಮಡಿಕೆಯಲ್ಲಿ ಶಾಯಿ ಹರಡಿತ್ತು, 'ಬೇಗ ಬನ್ನಿ' ಅನ್ನೋದು ಮಾತ್ರ ಸ್ಪಷ್ಟ. ಸ್ವಲ್ಪ ಹೊತ್ತು ಅಲ್ಲೇ ಕೂತುಬಿಟ್ಟೆ. ಹುಳು ಹಿಡಿದವನ್ನು ಬೇರೆ ಇಡಿ, ಇಲ್ಲದಿದ್ದರೆ ಉಳಿದವೂ ಹಾಳು.

ಪುಸ್ತಕ ಕೊಡುವ ಜಾಗಕ್ಕೆ ಹೇಳದೆ ಕೇಳದೆ ಮೂಟೆ ಹೊತ್ತು ಹೋಗಬೇಡಿ. ಬೆನ್ನಿನ ಹೆಸರು ಕಾಣುವ ಹಾಗೆ ಜೋಡಿಸಿ, ಫೋಟೋ ತೆಗೆದು ಅಲ್ಲಿಯವರಿಗೆ ವಾಟ್ಸಾಪ್ ಮಾಡಿ. ಯಾವುದು ಬೇಕು ಅಂತ ಅವರೇ ಹೇಳುತ್ತಾರೆ. ಬೇಡದ ಪುಸ್ತಕ ಕೊಟ್ಟರೆ ಅದು ಅಲ್ಲೂ ಮೂಲೆಗೇ ಅಲ್ವಾ?

ಇಂಗ್ಲಿಷ್ ಕಾದಂಬರಿಗಳಿಗೆ ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಹಳೇ ಪುಸ್ತಕದ ಅಂಗಡಿಗಳಲ್ಲಿ ಕೇಳಿ. ಪಠ್ಯಪುಸ್ತಕಕ್ಕೆ ಅವೆನ್ಯೂ ರಸ್ತೆ. ಸಿಲೆಬಸ್ ಬದಲಾಗಿದ್ದರೆ ರದ್ದಿಗೇ ಹಾಕಿ, ಬೇಜಾರು ಬೇಡ.

ಕನ್ನಡದ ಹಳೇ ಪುಸ್ತಕಕ್ಕೆ ನನ್ನ ಮೊದಲ ಆಯ್ಕೆ ಪಾಂಡವಪುರದ ಹತ್ತಿರದ ಹರಳಹಳ್ಳಿ. ಅಲ್ಲಿ ಅಂಕೇಗೌಡರು ಲಕ್ಷಗಟ್ಟಲೆ ಪುಸ್ತಕ ಕೂಡಿಸಿ 'ಪುಸ್ತಕ ಮನೆ' ಕಟ್ಟಿದ್ದಾರೆ. ಒಂದು ಕಾಲದಲ್ಲಿ ಬಸ್ ಕಂಡಕ್ಟರ್ ಆಗಿದ್ದವರು! ಅಪ್ಪನ ಸಹಿ ಇರುವ ಮೊದಲ ಹಾಳೆಯನ್ನು ನಾನು ಹರಿಯಲಿಲ್ಲ. ನೀವೂ ಹರಿಯಬೇಡಿ.