ಮನೆಯಲ್ಲೇ ಕಟ್ಟಿ ಸ್ಪಿಟ್‌ಫೈರ್: ಮೂರು ಸಾಮಾನು ತರಿಸಿ, ಉಳಿದದ್ದು ಊರಲ್ಲೇ ಸಿಗುತ್ತೆ

ಪ್ಲಾಸ್ಟಿಕ್ ಮಾಡೆಲ್ ವಿಮಾನ ಕಟ್ಟುವ ಹವ್ಯಾಸ ಬೆಂಗಳೂರಿನವರಿಗೆ ಮಾತ್ರ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ದಾವಣಗೆರೆಯಲ್ಲಿ ಕೂತು ಆನ್‌ಲೈನ್‌ನಲ್ಲಿ ತರಿಸಬೇಕಾದದ್ದು ಮೂರೇ: ಕಿಟ್ (ವಿಮಾನದ ಬಿಡಿ ಭಾಗಗಳ ಡಬ್ಬ), ಪ್ಲಾಸ್ಟಿಕ್ ಸಿಮೆಂಟ್ ಎನ್ನುವ ಅಂಟು, ಅಕ್ರಿಲಿಕ್ ಬಣ್ಣ. ಬಣ್ಣದ ಜೊತೆಗೇ ಒಂದು ಗ್ಲಾಸಿ (ಹೊಳಪಿನ) ಮತ್ತು ಒಂದು ಮ್ಯಾಟ್ (ಹೊಳಪಿಲ್ಲದ) ವಾರ್ನಿಶ್ ಹಾಕಿಸಿಕೊಳ್ಳಿ. ಉಳಿದದ್ದು ಹಾರ್ಡ್‌ವೇರ್ ಅಂಗಡಿ, ಫ್ಯಾನ್ಸಿ ಸ್ಟೋರ್, ಕಾರಿಗೆ ಪೇಂಟ್ ಮಾರುವ ಅಂಗಡಿಗಳಲ್ಲಿ ಸಿಗುತ್ತದೆ.

ಯಾವ ಕಿಟ್?

ಡಬ್ಬದ ಮೇಲೆ 1/72, 1/48, 1/32 ಅಂತ ಬರೆದಿರುತ್ತದೆ. ಅದು ಅಳತೆ: 1/72 ಅಂದರೆ ನಿಜವಾದದ್ದರ 72ನೇ ಒಂದು ಭಾಗ. 1/72ರಲ್ಲಿ ಆರಡಿ ಮನುಷ್ಯ ಸರಿಯಾಗಿ ಒಂದು ಇಂಚು. 2023ರ ಏಪ್ರಿಲ್ 2ರಂದು ಚಳ್ಳಕೆರೆ ಹತ್ತಿರದ ಡಿಆರ್‌ಡಿಒ ಪರೀಕ್ಷಾ ಕೇಂದ್ರದಲ್ಲಿ ಇಸ್ರೋದವರು ರೆಕ್ಕೆಯ ನೌಕೆಯೊಂದನ್ನು ಚಿನೂಕ್ ಹೆಲಿಕಾಪ್ಟರ್‌ನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟು, ತಾನೇ ಇಳಿಯುವಂತೆ ಮಾಡಿದ್ದರಲ್ಲ, ಅದರ ಉದ್ದ 6.5 ಮೀಟರ್. ಈ ಅಳತೆಗೆ ತಂದರೆ 9 ಸೆಂಟಿಮೀಟರ್, ಅಂಗೈಯಲ್ಲಿ ಕೂರುತ್ತದೆ.

ಮೊದಲ ಕಿಟ್‌ಗೆ ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್, 1/72ರದ್ದು, ಒಳ್ಳೆಯದು. ರೆಕ್ಕೆಯ ತುದಿಯಿಂದ ತುದಿಗೆ 15.6 ಸೆಂಟಿಮೀಟರ್. ಭಾಗಗಳು ಕಡಿಮೆ, ಆಕಾರ ಚೆಂದ. ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿಯ ಸ್ಟಾರ್ಟರ್ ಸೆಟ್‌ನಲ್ಲಿ ಬಣ್ಣ, ಬ್ರಷ್, ಅಂಟು ಕೂಡ ಬರುತ್ತವೆ. ನಮ್ಮ ವಾಯುಪಡೆಯೂ 1947-48ರ ಕಾಶ್ಮೀರ ಯುದ್ಧದಲ್ಲಿ ಸ್ಪಿಟ್‌ಫೈರ್ ಹಾರಿಸಿತ್ತು, ಹಾಗಾಗಿ ಇದು ಪೂರ್ತಿ ಪರದೇಶಿ ವಿಮಾನ ಅಲ್ಲ.

ಹುಡುಗರು ಕೇಳುವುದು ಮಿಗ್-21. 1963ರಿಂದ 2025ರ ಸೆಪ್ಟೆಂಬರ್ 26ರವರೆಗೆ ವಾಯುಪಡೆಯಲ್ಲಿದ್ದ ವಿಮಾನ, ಆಸೆ ಸಹಜ. ಆದರೆ ಎರಡನೆಯದಾಗಿ ಇಟ್ಟುಕೊಳ್ಳಿ. ಬೆಳ್ಳಿ ಬಣ್ಣ ಹೊಡೆದರೆ ಮೈಮೇಲಿನ ಸಣ್ಣ ಗೀರೂ ಎದ್ದು ಕಾಣುತ್ತದೆ. ಸುಖೋಯ್-30 ಇದೇ ಅಳತೆಯಲ್ಲಿ 30 ಸೆಂಟಿಮೀಟರ್ ಉದ್ದ. ಸದ್ಯಕ್ಕೆ ಬೇಡ.

ಕತ್ತರಿಸುವ ಮೊದಲು

ಭಾಗಗಳು ಸ್ಪ್ರೂ ಎನ್ನುವ ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡಿರುತ್ತವೆ. ಚೌಕಟ್ಟಿನ ಸಮೇತ ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ. ಅಚ್ಚಿನಿಂದ ಬಂದ ಎಣ್ಣೆ ಜಿಡ್ಡು ಉಳಿದರೆ ಬಣ್ಣ ಹಿಡಿಯುವುದಿಲ್ಲ.

ಕೈಯಿಂದ ಮುರಿಯಬೇಡಿ. ನಿಪ್ಪರ್ (ಕತ್ತರಿಸುವ ಸಣ್ಣ ಇಕ್ಕಳ) ಇಲ್ಲದಿದ್ದರೆ ಒಳ್ಳೆಯ ನೇಲ್ ಕಟರ್ ಸಾಕು. ಭಾಗಕ್ಕೆ ತಾಗಿಸಿ ಕತ್ತರಿಸದೆ ಸ್ವಲ್ಪ ಕಡ್ಡಿ ಬಿಟ್ಟು ಕತ್ತರಿಸಿ, ಆ ಕಡ್ಡಿಯನ್ನು ಆಮೇಲೆ ಬ್ಲೇಡಿನಿಂದ ಸವರಿ. ಮಕ್ಕಳು ಮಾಡುತ್ತಿದ್ದರೆ ಬ್ಲೇಡಿನ ಕೆಲಸ ದೊಡ್ಡವರದು. ಎಲ್ಲ ಭಾಗ ಒಟ್ಟಿಗೆ ಕತ್ತರಿಸಿ ಗುಡ್ಡೆ ಹಾಕಿದರೆ ಯಾವುದು ಎಲ್ಲಿಗೆ ಅಂತ ಗೊತ್ತಾಗುವುದಿಲ್ಲ. ನಂಬರುಗಳು ಇರುವುದು ಚೌಕಟ್ಟಿನ ಮೇಲೆ!

ಕಾಕ್‌ಪಿಟ್ ಮೊದಲು. ಸೀಟು, ಪೈಲಟ್, ಒಳಗೋಡೆಗೆ ಬಣ್ಣ ಹಚ್ಚಿ ಕೂರಿಸಿದ ಮೇಲೇ ಮೈಯ ಎರಡು ಹೋಳು ಮುಚ್ಚಬೇಕು.

ಅಂಟು, ಆಮೇಲೆ ಗೆರೆ

ಇಲ್ಲೇ ಮಾಡೆಲ್ ಗೆಲ್ಲುವುದು ಅಥವಾ ಸೋಲುವುದು. ಪ್ಲಾಸ್ಟಿಕ್ ಸಿಮೆಂಟ್ ಬರೀ ಅಂಟು ಅಲ್ಲ, ಅದು ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಕರಗಿಸಿ ಎರಡನ್ನೂ ಒಂದಾಗಿ ಬೆಸೆಯುತ್ತದೆ. ಮೊದಲು ಅಂಟಿಲ್ಲದೆ ಎರಡು ಹೋಳು ಸೇರಿಸಿ ನೋಡಿ. ಎಲ್ಲಿ ತಡೆಯುತ್ತದೋ ಅಲ್ಲಿ ಉಜ್ಜಿ. ಸರಿಯಾಗಿ ಕೂತ ಮೇಲೆ ಒತ್ತಿ ಹಿಡಿದು, ಸಂದಿಗೆ ತೆಳು ಸಿಮೆಂಟಿನ ಬ್ರಷ್ ತಾಗಿಸಿ. ಸಂದಿಯುದ್ದಕ್ಕೂ ಅದೇ ಹರಿದುಕೊಂಡು ಹೋಗುತ್ತದೆ. ಬೆರಳು ಸಂದಿಯ ಮೇಲಿದ್ದರೆ ಬೆರಳಚ್ಚು ಶಾಶ್ವತ. ಮಾಸ್ಕಿಂಗ್ ಟೇಪ್ ಸುತ್ತಿ ಒಂದು ರಾತ್ರಿ ಬಿಡಿ. ಕಿಟಕಿ ತೆರೆದಿರಲಿ, ವಾಸನೆ ಜೋರು.

ಫೆವಿಕ್ವಿಕ್ ಸಾಕಲ್ವಾ ಅಂತ ಕೇಳುವವರಿದ್ದಾರೆ. ಅಂಟುತ್ತದೆ, ಆದರೆ ಸರಿಪಡಿಸಲು ಸಮಯ ಕೊಡುವುದಿಲ್ಲ. ಪೈಲಟ್‌ನ ಮೇಲಿನ ಪಾರದರ್ಶಕ ಕ್ಯಾನೋಪಿ ಹತ್ತಿರ ಅದನ್ನು ತರಲೇಬೇಡಿ. ಅದರ ಆವಿಗೆ ಬಿಳಿ ಮಂಜು ಕವಿಯುತ್ತದೆ. ಕ್ಯಾನೋಪಿಗೆ ಬಿಳಿ ಫೆವಿಕಾಲ್ ಸಾಕು, ಒಣಗಿದ ಮೇಲೆ ಕಾಣುವುದಿಲ್ಲ.

ಮಾರನೇ ದಿನ ನೋಡಿದರೆ ಬೆನ್ನು, ಹೊಟ್ಟೆಯ ಉದ್ದಕ್ಕೂ ಒಂದು ಗೆರೆ. ನಿಜವಾದ ವಿಮಾನಕ್ಕೆ ಆ ಗೆರೆ ಇಲ್ಲ. ಹೊಸಬರು ಇದನ್ನು ಹಾಗೇ ಬಿಟ್ಟು ಬಣ್ಣಕ್ಕೆ ಹೋಗುತ್ತಾರೆ, ಬಣ್ಣ ಮುಚ್ಚುತ್ತೆ ಅಂತ. ಮುಚ್ಚುವುದಿಲ್ಲ, ಇನ್ನೂ ತೋರಿಸುತ್ತದೆ. ಪಿ.ಬಿ. ರಸ್ತೆ ಕಡೆ ಯಾವುದಾದರೂ ಗ್ಯಾರೇಜ್‌ನಲ್ಲಿ ಕಾರಿನ ಡೆಂಟ್‌ಗೆ ಪುಟ್ಟಿ ಹಚ್ಚುವುದನ್ನು ನಿಂತು ನೋಡಿ, ಇಲ್ಲಿಯೂ ಅದೇ ಕೆಲಸ, ಅದೇ ಎನ್‌ಸಿ ಪುಟ್ಟಿ. ದಪ್ಪ ಮೆತ್ತಿದರೆ ಅದರಲ್ಲಿರುವ ದ್ರಾವಕ ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ. ಟೂತ್‌ಪಿಕ್‌ನಿಂದ ತೆಳುವಾಗಿ, ಎರಡು ಸಲ ಹಚ್ಚಿ. ಒಣಗಿದ ಮೇಲೆ 400, 600, ಕೊನೆಗೆ 1000 ನಂಬರಿನ ವಾಟರ್ ಪೇಪರ್ ನೀರಿನಲ್ಲಿ ಅದ್ದಿ ಉಜ್ಜಿ. ಕಣ್ಣಿಗೆ ಕಾಣದ ಗೆರೆ ಉಗುರಿಗೆ ತಾಕುತ್ತದೆ, ಉಗುರು ಆಡಿಸಿ ನೋಡಿ.

ಎನ್‌ಸಿ ಥಿನ್ನರ್, ಪೆಟ್ರೋಲ್ ಹಾಕಿ ಒರೆಸಲು ಹೋಗಬೇಡಿ. ರೆಕ್ಕೆಯೇ ಕರಗುತ್ತದೆ.

ಬಣ್ಣ ಮತ್ತು ನಮ್ಮೂರ ಧೂಳು

ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಮೊದಲಿಗೆ ಬೇಡ. ಚಪ್ಪಟೆ ಬ್ರಷ್ ಸಾಕು. ಬಣ್ಣಕ್ಕೆ ಮೊದಲು ಹೊಡೆಯುವ ಅಡಿಕೋಟು, ಅಂದರೆ ಪ್ರೈಮರ್, ಸ್ಪ್ರೇ ಡಬ್ಬಿಯಲ್ಲಿ ಸಿಗುತ್ತದೆ, ಆದರೆ ಮೊದಲು ಖಾಲಿ ಸ್ಪ್ರೂ ತುಂಡಿಗೆ ಹೊಡೆದು ಪ್ಲಾಸ್ಟಿಕ್ ಮೆತ್ತಗಾಗುತ್ತದೆಯೇ ನೋಡಿ. ಕ್ಯಾನೋಪಿಯ ಗಾಜಿಗೆ ಟೇಪ್ ಅಂಟಿಸುವುದು ಮರೆಯಬೇಡಿ.

ಬಣ್ಣ ಹಾಲಿನಷ್ಟು ತೆಳುವಿರಲಿ. ಒಂದು ದಪ್ಪ ಕೋಟಿಗಿಂತ ಮೂರು ತೆಳು ಕೋಟು ಮೇಲು. ತಿಳಿ ಬಣ್ಣ ಮೊದಲು: 1940ರ ಸ್ಪಿಟ್‌ಫೈರ್‌ಗೆ ಹೊಟ್ಟೆಯ ತಿಳಿ ಬಣ್ಣ, ನಂತರ ಬೆನ್ನಿನ ಮಣ್ಣು ಬಣ್ಣ, ಕೊನೆಗೆ ಕಡು ಹಸಿರು.

ಏಪ್ರಿಲ್ ಮಧ್ಯಾಹ್ನ ಈ ಕೆಲಸಕ್ಕೆ ಕೂರಬೇಡಿ. ಬಣ್ಣ ಬ್ರಷ್ಷಿನಲ್ಲೇ ಒಣಗಿ ಗೆರೆ ಬೀಳುತ್ತದೆ. ಫ್ಯಾನ್ ಹಾಕಿದರೆ ಧೂಳು, ಹಾಕದಿದ್ದರೆ ಬೆವರು. ಬೆಳಗ್ಗೆ ಬೇಗ ಎದ್ದು, ಫ್ಯಾನ್ ಆರಿಸಿ, ಟೇಬಲ್ ಒದ್ದೆ ಬಟ್ಟೆಯಲ್ಲಿ ಒರೆಸಿ ಕೂರಿ. ಹಚ್ಚಿದ ತಕ್ಷಣ ಮೇಲೆ ಒಂದು ಪ್ಲಾಸ್ಟಿಕ್ ಟಬ್ ಬೋರಲು ಹಾಕಿ. ಚಿತ್ರದುರ್ಗದ ಗಾಳಿ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಡೆಕಾಲ್

ವಿಮಾನದ ಮೇಲಿನ ವೃತ್ತ, ನಂಬರುಗಳು ನೀರಿನ ಸ್ಟಿಕ್ಕರ್‌ಗಳು. ಮ್ಯಾಟ್ ಬಣ್ಣದ ಮೇಲೆ ನೇರ ಅಂಟಿಸಿದರೆ ಕೆಳಗೆ ಗಾಳಿ ಸಿಕ್ಕಿ ಬೆಳ್ಳಿ ಹೊಳಪು ಬರುತ್ತದೆ. ಅದಕ್ಕೇ ಮೊದಲು ಗ್ಲಾಸಿ ವಾರ್ನಿಶ್. ಒಂದೊಂದೇ ಡೆಕಾಲ್ ಕತ್ತರಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ನಿಮಿಷ ಬಿಟ್ಟು, ಕಾಗದದಿಂದ ಜಾರಿಸಿ ಕೂರಿಸಿ. ನೀರನ್ನು ಇಯರ್ ಬಡ್‌ನಿಂದ ಒತ್ತಿ ತೆಗೆಯಿರಿ, ತಿಕ್ಕಬೇಡಿ. ಒಣಗಿದ ಮೇಲೆ ಮ್ಯಾಟ್ ವಾರ್ನಿಶ್.

ಚಕ್ರ, ಪ್ರೊಪೆಲ್ಲರ್, ಆಂಟೆನಾ ಕೊನೆಗೆ. ಮುಂದೆ ಮಿಗ್-21 ಕಟ್ಟುವಾಗ ಮೈ ಮುಚ್ಚುವ ಮೊದಲೇ ಮೂಗಿನೊಳಗೆ ಸಣ್ಣ ಸ್ಕ್ರೂ ಅಥವಾ ಬೇರಿಂಗ್ ಗುಂಡು ಅಂಟಿಸಿ. ಮೂಗಿನ ಕೆಳಗೆ ಚಕ್ರವಿರುವ ವಿಮಾನ ಭಾರವಿಲ್ಲದಿದ್ದರೆ ಬಾಲದ ಮೇಲೆ ಕೂತುಬಿಡುತ್ತದೆ. ಸ್ಪಿಟ್‌ಫೈರ್‌ಗೆ ಬಾಲದಲ್ಲೇ ಚಕ್ರ, ಆ ತಾಪತ್ರಯ ಇಲ್ಲ.

ಶೋಕೇಸ್‌ನಲ್ಲಿ ನೇರ ಬಿಸಿಲು ಬೀಳದ ಕಡೆ ಇಡಿ, ಡೆಕಾಲ್ ಹಳದಿಯಾಗುತ್ತದೆ. ಧೂಳು ಕೂತರೆ ಬಟ್ಟೆ ಬೇಡ, ಮೆತ್ತನೆಯ ಮೇಕಪ್ ಬ್ರಷ್ ಬಳಸಿ.