ಮಕ್ಕಳ ಕಣ್ಣಳತೆಯಲ್ಲಿ ತುಮಕೂರು ಸೀಮೆ

ನಮ್ಮ ಮನೆಯಲ್ಲಿ ಏಳು ವರ್ಷದ ಮಗಳು, ನಾಲ್ಕು ವರ್ಷದ ಮಗ ಮತ್ತು ಮೊಣಕಾಲು ನೋವಿದ್ದರೂ ಕರೆದಲ್ಲಿಗೆಲ್ಲ ಹೊರಡುವ ನಮ್ಮ ಅತ್ತೆಯವರಿದ್ದಾರೆ. ಬಿಡುವಾದ ಭಾನುವಾರಗಳಲ್ಲಿ ಇವರೆಲ್ಲರನ್ನೂ ಕರೆದುಕೊಂಡು ತುಮಕೂರಿನ ಸುತ್ತಮುತ್ತ ಓಡಾಡುವುದನ್ನು ನಾನು ಮತ್ತು ನಮ್ಮ ಯಜಮಾನರು ರೂಢಿ ಮಾಡಿಕೊಂಡಿದ್ದೇವೆ. ಸ್ಥಳವನ್ನು ಆರಿಸುವಾಗ ನಾವು ಮೊದಲು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಮೂರಡಿ ಎತ್ತರದ ಮಗು ನೆಲದ ಮೇಲೆ ನಿಂತರೆ ಅಲ್ಲಿ ಅದಕ್ಕೆ ಏನು ಕಾಣುತ್ತದೆ, ಏನು ಕೈಗೆಟುಕುತ್ತದೆ? ಬೆಟ್ಟದ ನೆತ್ತಿಯಿಂದ ಕಾಣುವ ಬಯಲು, ಮಂಜು, ಸೂರ್ಯೋದಯ ಇವೆಲ್ಲ ದೊಡ್ಡವರ ಸಂತೋಷಗಳು. ಅದೇ ನೆತ್ತಿಯಲ್ಲಿ ಚಿಕ್ಕ ಮಕ್ಕಳಿಗೆ ಕಾಣುವುದು ತಡೆಗೋಡೆಯ ಕಲ್ಲು ಮತ್ತು ಅದರ ಸಂದಿಯಲ್ಲಿ ಹರಿದಾಡುವ ಇರುವೆ. ಆದ್ದರಿಂದ ಮಧುಗಿರಿಯ ಏಕಶಿಲಾ ಬೆಟ್ಟದಂಥ ಕಡಿದಾದ ಜಾಗಗಳನ್ನು ಇವರು ಬೆಳೆದು ದೊಡ್ಡವರಾಗುವವರೆಗೆ ನಮ್ಮ ಪಟ್ಟಿಯಿಂದ ಕೈಬಿಟ್ಟಿದ್ದೇವೆ.

ಇನ್ನೊಂದು ಕಟ್ಟುಪಾಡೆಂದರೆ, ಒಂದು ದಿನಕ್ಕೆ ಒಂದೇ ಜಾಗ, ಅದೂ ಅರ್ಧ ದಿನ ಮಾತ್ರ. ಬೆಳಗಿನ ಆರು ಗಂಟೆಗೆ ಹೊರಟು, ಮಧ್ಯಾಹ್ನದ ಊಟದ ಹೊತ್ತಿಗೆ ಮನೆ ಸೇರಿದರೆ ಮಗನ ನಿದ್ದೆ ಕೆಡುವುದಿಲ್ಲ. ನಿದ್ದೆ ಕೆಟ್ಟ ನಾಲ್ಕು ವರ್ಷದ ಮಗುವಿನ ಜೊತೆ ಯಾವ ರಮ್ಯ ತಾಣವೂ ರಮ್ಯವಾಗಿರುವುದಿಲ್ಲ. ಬಂದದ್ದು ಬಂದೆವು, ಹತ್ತಿರದಲ್ಲಿರುವ ಇನ್ನೆರಡು ದೇವಸ್ಥಾನಗಳನ್ನೂ ಮುಗಿಸಿಬಿಡೋಣ ಎಂಬ ಆಸೆಯನ್ನು ಹತ್ತಿಕ್ಕುವುದು ನಮ್ಮ ಕಡೆಯ ಜನರಿಗೆ ಸುಲಭವಲ್ಲ. ಅತ್ತೆಯವರನ್ನು ಒಪ್ಪಿಸಲು ಸಾಕಷ್ಟು ಸಮಯ ಹಿಡಿಯಿತು.

ಇಷ್ಟು ಹೇಳಿದ ಮೇಲೆ, ನಾವು ಮತ್ತೆ ಮತ್ತೆ ಹೋಗುವ ಜಾಗಗಳ ವಿಚಾರಕ್ಕೆ ಬರುತ್ತೇನೆ. ಎಲ್ಲಕ್ಕಿಂತ ಹೆಚ್ಚು ಸಲ ಹೋಗಿರುವುದು ದೇವರಾಯನದುರ್ಗದ ದಾರಿಯಲ್ಲಿ, ಕಾಡಿನ ನಡುವೆ ಇರುವ ನಾಮದ ಚಿಲುಮೆಗೆ. ವನವಾಸದ ಕಾಲದಲ್ಲಿ ಶ್ರೀರಾಮನು ಹಣೆಗೆ ನಾಮವಿಟ್ಟುಕೊಳ್ಳಲು ನೀರು ಸಿಗದೆ ಬಂಡೆಗೆ ಬಾಣ ಹೂಡಿದನೆಂದೂ, ಆಗ ಚಿಮ್ಮಿದ ನೀರೇ ಈ ಚಿಲುಮೆಯೆಂದೂ ಸ್ಥಳಪುರಾಣ ಹೇಳುತ್ತದೆ. ಕಥೆಯನ್ನು ಹೇಳುವ ಕೆಲಸ ಅತ್ತೆಯವರದು. ನೀರು ಎಲ್ಲಿಂದ ಬರುತ್ತದೆ ಎಂಬ ಮುಂದಿನ ಪ್ರಶ್ನೆಗೆ ಉತ್ತರ ಕೊಡುವುದು ನನ್ನ ಪಾಲಿನದು. ಬೆಟ್ಟದ ಮೇಲೆ ಬಿದ್ದ ಮಳೆ ಮರಗಳ ಬುಡದ ಮಣ್ಣಿನಲ್ಲಿ ಇಂಗಿ, ಬಂಡೆಯ ಬಿರುಕುಗಳಲ್ಲಿ ನಿಧಾನವಾಗಿ ಇಳಿದು, ಎಲ್ಲಿ ದಾರಿ ಸಿಗುತ್ತದೋ ಅಲ್ಲಿ ಹೊರಗೆ ಬರುತ್ತದೆ ಎಂದರೆ ಮಗಳು ನಂಬಲಿಲ್ಲ. ಮನೆಗೆ ಬಂದು, ತಳದಲ್ಲಿ ತೂತಿರುವ ಹೂವಿನ ಕುಂಡಕ್ಕೆ ಮಣ್ಣು ಮರಳು ತುಂಬಿ, ಮೇಲಿನಿಂದ ಒಂದು ಚೊಂಬು ನೀರು ಹುಯ್ದು, ಕೆಳಗೊಂದು ತಟ್ಟೆ ಇಟ್ಟೆವು. ಹುಯ್ಯುವುದನ್ನು ನಿಲ್ಲಿಸಿ ಬಹಳ ಹೊತ್ತಾದರೂ ತೂತಿನಿಂದ ಹನಿ ಬೀಳುತ್ತಲೇ ಇತ್ತು. ಮಳೆ ನಿಂತ ಎಷ್ಟೋ ತಿಂಗಳ ಮೇಲೂ ಚಿಲುಮೆಯಲ್ಲಿ ನೀರಿರುವುದು ಹೇಗೆ ಎಂಬುದನ್ನು ಅನಂತರ ಆಕೆಯೇ ತನ್ನ ತಮ್ಮನಿಗೆ ವಿವರಿಸಿದಳು. ಅವನಿಗೆ ಬಾಣದ ಕಥೆಯೇ ಇಂದಿಗೂ ಹೆಚ್ಚು ಪ್ರಿಯ.

ಚಿಲುಮೆಯ ಬಳಿಯೇ ಬೇಲಿಯೊಳಗೆ ಜಿಂಕೆಗಳಿವೆ. ಮೃಗಾಲಯದಲ್ಲಿರುವಂತೆ ಒಂದಾದ ಮೇಲೊಂದು ಪ್ರಾಣಿಯನ್ನು ನೋಡಿಕೊಂಡು ಓಡುವ ಅವಸರ ಇಲ್ಲಿಲ್ಲವಾದ್ದರಿಂದ, ಮಕ್ಕಳು ಬೇಲಿಯ ಪಕ್ಕದಲ್ಲಿ ಕುಳಿತು ಒಂದೇ ಜಿಂಕೆಯನ್ನು ಬಹಳ ಹೊತ್ತು ನೋಡುತ್ತಾರೆ. ಗಂಡು ಚುಕ್ಕೆ ಜಿಂಕೆಯ ಕವಲುಗೊಂಬು ವರ್ಷಕ್ಕೊಮ್ಮೆ ಉದುರಿ ಮತ್ತೆ ಹೊಸದಾಗಿ ಬೆಳೆಯುತ್ತದೆ, ಬೆಳೆಯುವಾಗ ಅದರ ಮೇಲೆ ಮಖಮಲ್ಲಿನಂಥ ಚರ್ಮವಿರುತ್ತದೆ ಎಂಬುದನ್ನು ತಿಳಿಸಿದ ಮೇಲೆ, ಪ್ರತಿ ಭೇಟಿಯಲ್ಲೂ ಯಾವುದರ ಕೊಂಬು ಯಾವ ಹಂತದಲ್ಲಿದೆ ಎಂದು ಗಮನಿಸುವುದು ಮಗಳ ಕೆಲಸವಾಗಿದೆ. ಒಂದೇ ಜಾಗಕ್ಕೆ ಬೇರೆ ಬೇರೆ ತಿಂಗಳುಗಳಲ್ಲಿ ಹೋಗುವುದರ ಪ್ರಯೋಜನವನ್ನು ನಾವು ಕಂಡುಕೊಂಡದ್ದು ಹೀಗೆ. ದೊಡ್ಡವರಿಗೆ ನೋಡಿದ ಜಾಗ ಎಂದರೆ ಮುಗಿದ ಜಾಗ. ಮಕ್ಕಳಿಗೆ ಅದು ಪರಿಚಯದ ಮನೆಯಿದ್ದಂತೆ, ಹೋದೊಡನೆ ತಮ್ಮ ಮೂಲೆಯನ್ನು ಹುಡುಕಿಕೊಂಡು ಹೋಗುತ್ತಾರೆ.

ಚಿಲುಮೆಯಿಂದ ಮುಂದೆ ದೇವರಾಯನದುರ್ಗಕ್ಕೆ ಹೋಗುವುದನ್ನು ನಾವು ಬೇರೆ ದಿನಕ್ಕೆ ಇಟ್ಟುಕೊಳ್ಳುತ್ತೇವೆ. ಕೆಳಗಿನ ಭೋಗನರಸಿಂಹನ ಗುಡಿಯ ಬಳಿ ಅತ್ತೆಯವರು ಮತ್ತು ಮಗ ಉಳಿಯುತ್ತಾರೆ, ಉಳಿದವರು ಮೇಲಿನ ಯೋಗನರಸಿಂಹನ ದರ್ಶನಕ್ಕೆ ಮೆಟ್ಟಿಲು ಹತ್ತುತ್ತೇವೆ. ತಿರುವಿನ ರಸ್ತೆಯಲ್ಲಿ ಮಗನಿಗೆ ಹೊಟ್ಟೆ ತೊಳಸುವುದರಿಂದ ಅವನಿಗೆ ಹೊರಡುವ ಮೊದಲು ಹೊಟ್ಟೆ ತುಂಬ ಹಾಲು ಕೊಡುವುದಿಲ್ಲ; ಒಂದು ಬಾಳೆಹಣ್ಣು ಸಾಕು, ತಿಂಡಿ ತಲುಪಿದ ಮೇಲೆ. ಇಲ್ಲಿ ಜಾಗರೂಕರಾಗಿರಬೇಕಾದದ್ದು ಕೋತಿಗಳ ವಿಷಯದಲ್ಲಿ. ಅವುಗಳಿಗೆ ಪ್ಲಾಸ್ಟಿಕ್ ಕವರಿನ ಸದ್ದು ಊಟದ ಗಂಟೆಯಷ್ಟು ಪರಿಚಿತ. ನಾವು ಚಿತ್ರಾನ್ನ, ಮೊಸರನ್ನಗಳನ್ನು ಸ್ಟೀಲ್ ಡಬ್ಬಿಗಳಲ್ಲಿ ತುಂಬಿ ಬಟ್ಟೆಯ ಚೀಲದೊಳಗಿಟ್ಟು, ತಿಂಡಿಯನ್ನು ವಾಹನದ ಒಳಗೇ ಮುಗಿಸುತ್ತೇವೆ. ಮಕ್ಕಳ ಕೈಗೆ ಬಿಸ್ಕತ್ತಿನ ಪೊಟ್ಟಣವನ್ನೂ ಕೊಡುವುದಿಲ್ಲ. ಕೋತಿಗಳಿಗೆ ತಿನ್ನಲು ಹಾಕುವುದು ಪುಣ್ಯವೆಂದು ನಂಬಿದವರು ಅಲ್ಲಿ ಯಾವಾಗಲೂ ಇರುತ್ತಾರೆ. ಅದರ ಫಲವನ್ನು ಅನುಭವಿಸುವವರು ಹಿಂದಿನಿಂದ ಬರುವ ಮಕ್ಕಳು.

ಈ ಬೆಟ್ಟಸಾಲಿನಲ್ಲಿ ಹುಟ್ಟುವ ಜಯಮಂಗಲಿ ನದಿಯೇ ನಮ್ಮ ಮುಂದಿನ ಓಡಾಟಗಳಿಗೆ ದಾರಿ ತೋರಿಸಿತು. ಈ ನದಿ ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಮಗಳು ಕೇಳಿದ್ದರಿಂದ, ಅದನ್ನು ಹಿಂಬಾಲಿಸಿಯೇ ನೋಡೋಣ ಎಂದು ನಿರ್ಧರಿಸಿದೆವು. ಕೊರಟಗೆರೆ ತಾಲ್ಲೂಕಿನಲ್ಲಿ ಗೊರವನಹಳ್ಳಿಯ ಹತ್ತಿರ ಇದಕ್ಕೆ ಅಡ್ಡಲಾಗಿ ತೀತಾ ಜಲಾಶಯವಿದೆ. ಮಳೆ ಚೆನ್ನಾಗಿ ಆದ ವರ್ಷ ನೀರು ನೋಡಲು ಚೆಂದ. ಆದರೆ ಅಂಚಿನ ಕೆಸರನ್ನು ನಂಬುವಂತಿಲ್ಲವಾದ್ದರಿಂದ ಮಕ್ಕಳನ್ನು ನೀರಿಗೆ ಇಳಿಸುವುದಿಲ್ಲ. ಗೊರವನಹಳ್ಳಿಯ ಮಹಾಲಕ್ಷ್ಮಿಯ ದರ್ಶನವಾದದ್ದರಿಂದ ಅತ್ತೆಯವರಿಗೆ ಆ ದಿನ ತೃಪ್ತಿಯಾಯಿತು, ಮಕ್ಕಳಿಗೆ ಅಷ್ಟಾಗಿ ಇಲ್ಲ.

ಮಕ್ಕಳಿಗೆ ನಿಜವಾಗಿ ಹಿಡಿಸಿದ್ದು ಅದೇ ನದಿಯ ಹೆಸರನ್ನು ಹೊತ್ತಿರುವ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗ ಸಂರಕ್ಷಿತ ಪ್ರದೇಶ. 2007ರಲ್ಲಿ ಸಂರಕ್ಷಿತವೆಂದು ಘೋಷಿತವಾದ ಈ ಹುಲ್ಲುಗಾವಲಿನ ವಿಸ್ತೀರ್ಣ 798 ಎಕರೆ. ಬೆಟ್ಟವಿಲ್ಲ, ಜಲಪಾತವಿಲ್ಲ, ಅಂಗಡಿಯಿಲ್ಲ. ನೋಡಿದಷ್ಟು ದೂರ ಹುಲ್ಲು, ನಡುವೆ ಅಲ್ಲಲ್ಲಿ ಕುರುಚಲು ಗಿಡ. ನಮ್ಮ ಯಜಮಾನರು ಇಷ್ಟೇನಾ ಎಂಬಂತೆ ನನ್ನ ಮುಖ ನೋಡಿದರು. ಮಗ ಮಾತ್ರ ಇಳಿದ ಕೂಡಲೇ ನೆಲದ ಮೇಲೆ ಕಪ್ಪು ಹಿಕ್ಕೆಗಳ ಗುಡ್ಡೆಯೊಂದನ್ನು ಕಂಡುಹಿಡಿದು ಕುಳಿತುಬಿಟ್ಟ. ಗಂಡು ಕೃಷ್ಣಮೃಗವು ತನ್ನ ಎಲ್ಲೆಯನ್ನು ತೋರಿಸಲು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕುತ್ತದೆ ಎಂದು ನಾನು ಹೇಳಿದ್ದು ಅವನ ಪಾಲಿಗೆ ಆ ದಿನದ ಅತಿ ದೊಡ್ಡ ಸುದ್ದಿಯಾಯಿತು.

ಹೊತ್ತು ಏರುವ ಮೊದಲು ಹೋದರೆ ಹಿಂಡುಗಳು ಮೇಯುವುದು ಕಾಣುತ್ತದೆ. ಒಂಬತ್ತು ಗಂಟೆಯ ಮೇಲೆ ಬಿಸಿಲು ಮಕ್ಕಳಿಗೆ ತಡೆಯದು, ನೆರಳೂ ಸಾಲದು. ಬೆನ್ನು ಕಪ್ಪಾಗಿ, ಹೊಟ್ಟೆ ಬೆಳ್ಳಗಿದ್ದು, ತಿರುಚಿದ ಉದ್ದ ಕೊಂಬುಗಳಿರುವುದು ಬೆಳೆದ ಗಂಡು. ಹೆಣ್ಣುಗಳೂ ಮರಿಗಳೂ ತಿಳಿ ಕಂದು ಬಣ್ಣದವು. ಕಂದು ಬಣ್ಣದ ಹಿಂಡಿನಲ್ಲಿ ಕಪ್ಪು ಗಂಡು ಎಲ್ಲಿದೆ ಎಂದು ಮೊದಲು ಹುಡುಕಿದವರು ಗೆದ್ದಂತೆ, ಇದು ನಮ್ಮ ಆಟ. ದುರ್ಬೀನು ಮಗಳಿಗೆ ಹೊಂದುತ್ತದೆ, ಆದರೆ ನಾಲ್ಕು ವರ್ಷದವನಿಗೆ ಎರಡೂ ಕಣ್ಣನ್ನು ಒಟ್ಟಿಗೆ ಅದಕ್ಕೆ ಹೊಂದಿಸುವುದು ಕಷ್ಟ. ಅವನಿಗಾಗಿ ರಟ್ಟಿನ ಕೊಳವೆಯೊಂದನ್ನು ಕೊಟ್ಟಿದ್ದೇವೆ. ಅದು ಯಾವುದನ್ನೂ ಹತ್ತಿರ ಮಾಡಿ ತೋರಿಸುವುದಿಲ್ಲ, ಆದರೂ ಸುತ್ತಲಿನದನ್ನೆಲ್ಲ ಮರೆಮಾಡಿ ಒಂದೇ ಕಡೆ ನೋಡುವಂತೆ ಮಾಡುತ್ತದೆ. ಅಂಥ ಕೊಳವೆಯಿಂದ ಅವನು ಕಂಡುಹಿಡಿದ ಮೃಗವನ್ನು ಒಮ್ಮೆ ನಾವು ದುರ್ಬೀನಿನಲ್ಲಿ ಹುಡುಕಬೇಕಾಯಿತು. ನಾಮದ ಚಿಲುಮೆಯ ಜಿಂಕೆಯ ಹಾಗೆ ಇದರ ಕೊಂಬೂ ಉದುರುತ್ತದೆಯೇ ಎಂದು ಮಗಳು ಕೇಳಿದಾಗ, ಇಲ್ಲ, ಇದರದು ಆಡು ಕುರಿಗಳ ಕೊಂಬಿನ ಹಾಗೆ ಬದುಕಿರುವವರೆಗೂ ಇರುವಂಥದ್ದು ಎಂದು ಹೇಳುವ ಅವಕಾಶ ತಾನಾಗಿ ಒದಗಿತು. ಹುಲ್ಲಿನೊಳಗೆ ಓಡಲು ಮಾತ್ರ ಬಿಡುವುದಿಲ್ಲ, ಏಕೆಂದರೆ ಟಿಟ್ಟಿಭದಂಥ ಹಕ್ಕಿಗಳು ಬರಿಯ ನೆಲದಲ್ಲೇ ಮೊಟ್ಟೆ ಇಡುತ್ತವೆ, ಕಾಲಿಟ್ಟ ಮೇಲೆ ತಿಳಿದು ಫಲವಿಲ್ಲ.

ಸಿರಾ ತಾಲ್ಲೂಕಿನ ಕಗ್ಗಲಡು ಬೇರೆಯೇ ಬಗೆಯ ಜಾಗ. ಇಲ್ಲಿ ಬಣ್ಣದ ಕೊಕ್ಕರೆಗಳು ಕಾಡಿನಲ್ಲಿರದೆ, ಊರೊಳಗಿನ ಹುಣಸೆ ಮರಗಳ ಮೇಲೆ, ಜನರ ಓಡಾಟದ ನಡುವೆಯೇ ಗೂಡು ಕಟ್ಟುತ್ತವೆ. ಜೊತೆಗೆ ಬೂದು ಬಕಗಳೂ ಇರುತ್ತವೆ. ಊರಿನವರು ಹಕ್ಕಿಗಳಿಗೆ ತೊಂದರೆ ಕೊಡುವುದಿಲ್ಲ, ಬೇರೆಯವರು ಕೊಡಲೂ ಬಿಡುವುದಿಲ್ಲ. ಬೇಸಿಗೆಯ ತಿಂಗಳುಗಳಲ್ಲಿ ಇಲ್ಲಿಗೆ ಹೋಗುವುದು ಸೂಕ್ತ, ಆದರೆ ಸುತ್ತಲಿನ ಕೆರೆಗಳಲ್ಲಿ ನೀರಿಲ್ಲದ ವರ್ಷ ಮೀನೂ ಇರುವುದಿಲ್ಲ, ಹಕ್ಕಿಗಳೂ ಅಷ್ಟಾಗಿ ಬರುವುದಿಲ್ಲ. ಆದ್ದರಿಂದ ಸಿರಾದಲ್ಲಿರುವ ನಂಟರಿಗೆ ಫೋನು ಮಾಡಿ, ಹಕ್ಕಿ ಬಂದಿವೆಯೇ ಎಂದು ಕೇಳದೆ ನಾವು ಹೊರಡುವುದಿಲ್ಲ. ತುಮಕೂರಿನಿಂದ ಸಿರಾದವರೆಗೇ ಹೆದ್ದಾರಿಯಲ್ಲಿ ಸುಮಾರು 50 ಕಿ.ಮೀ. ಆಗುತ್ತದೆ.

ಸಾಧ್ಯವಾದ ವರ್ಷ, ಗೂಡು ಕಟ್ಟುವಾಗ ಒಮ್ಮೆ, ಮರಿಗಳು ದೊಡ್ಡವಾದ ಮೇಲೆ ಒಮ್ಮೆ ಹೋಗಬೇಕು. ಕಡ್ಡಿ ತರುವ ಹಕ್ಕಿಗಳು, ಗುಲಾಬಿ ಗರಿಯೇ ಇಲ್ಲದ ಮಾಸಲು ಬಣ್ಣದ ಮರಿಗಳು, ಉರಿಬಿಸಿಲಿನಲ್ಲಿ ರೆಕ್ಕೆ ಹರಡಿ ಮರಿಗಳಿಗೆ ನೆರಳು ಹಿಡಿದು ನಿಲ್ಲುವ ತಾಯಿ ತಂದೆಯರು, ಇವೆಲ್ಲ ಕತ್ತೆತ್ತಿದರೆ ಕಾಣುತ್ತವೆ. ನೇರವಾಗಿ ಗೂಡಿನ ಕೆಳಗೆ ಮಾತ್ರ ನಿಲ್ಲಬಾರದು. ಹಿಕ್ಕೆಯ ಜೊತೆಗೆ ಅರ್ಧ ನುಂಗಿದ ಮೀನೂ ತಲೆಯ ಮೇಲೆ ಬೀಳಬಹುದು. ಅಗಲ ಅಂಚಿನ ಟೋಪಿ ಇಲ್ಲಿ ಬಿಸಿಲಿಗಿಂತ ಹೆಚ್ಚಾಗಿ ಇದಕ್ಕೇ ಬೇಕು. ಬಣ್ಣದ ಕೊಕ್ಕರೆಯು ಮೀನನ್ನು ಕಣ್ಣಿನಿಂದ ಹುಡುಕುವುದಕ್ಕಿಂತ, ಅರೆತೆರೆದ ಕೊಕ್ಕನ್ನು ನೀರಿನಲ್ಲಿ ಆಡಿಸಿ, ತಾಗಿದೊಡನೆ ಕಚ್ಚಿಕೊಳ್ಳುತ್ತದೆ. ಮನೆಗೆ ಬಂದ ಮೇಲೆ ಬಕೆಟ್ಟಿನ ನೀರಿಗೆ ಗೋಲಿ, ಹುಣಸೆಬೀಜ, ಸಣ್ಣ ಚಮಚಗಳನ್ನು ಹಾಕಿ, ಕಣ್ಣು ಕಟ್ಟಿಕೊಂಡು ಅಡುಗೆಮನೆಯ ಇಕ್ಕಳದಿಂದ ಹಿಡಿಯುವ ಆಟವನ್ನು ಆಡಿದೆವು. ಅತ್ತೆಯವರು ಎಲ್ಲರಿಗಿಂತ ಚೆನ್ನಾಗಿ ಹಿಡಿದರು. ಒಲೆಯಿಂದ ಪಾತ್ರೆ ಇಳಿಸಿ ಇಳಿಸಿ ಪಳಗಿದ ಕೈ.

ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯಲ್ಲಿ ನಡೆಯುವ ಜಾತ್ರೆಯನ್ನು ಹೇಳದಿದ್ದರೆ ಈ ಬರಹ ಅಪೂರ್ಣವಾಗುತ್ತದೆ. ಮಠದ ಆವರಣದ ವಸ್ತುಪ್ರದರ್ಶನಕ್ಕೆ ಜನ ಹೆಚ್ಚು. ನಾವು ಮೊದಲು ಹೋಗುವುದು ದನಗಳ ಪರಿಷೆಗೆ. ಬೂದು ಬಣ್ಣದ, ಹಿಂದಕ್ಕೆ ಬಾಗಿ ಮೇಲೇರಿದ ಕೊಂಬಿನ ಹಳ್ಳಿಕಾರ್ ಹೋರಿಗಳು ಸಾಲಾಗಿ ನಿಂತಿರುವ ಜಾಗದಲ್ಲಿ ಮಕ್ಕಳಿಗೆ ನೋಡಲು ಏನಿಲ್ಲ? ಮೂಗುದಾರ, ಗೆಜ್ಜೆ, ಕೊರಳ ಗಂಟೆ, ಬಣ್ಣಬಣ್ಣದ ಹಗ್ಗ ಮಾರುವ ಅಂಗಡಿಗಳು ಬೇರೆ. ಮಾಲೀಕರನ್ನು ಕೇಳದೆ ಯಾವ ದನದ ಹತ್ತಿರವೂ ಹೋಗಬಾರದು, ಹಿಂಬದಿಯಿಂದಂತೂ ಸುಳಿಯಲೇಬಾರದು ಎಂಬುದನ್ನು ಮಕ್ಕಳಿಗೆ ಮನೆಯಲ್ಲೇ ಹೇಳಿ ಹೊರಡುತ್ತೇವೆ. ಕೇಳಿದರೆ ಬಹುತೇಕ ರೈತರು ಸಂತೋಷದಿಂದ ಒಪ್ಪುತ್ತಾರೆ. “ಬಾ ಮಗ, ಗಂಗೆದೊಗಲು ಮುಟ್ಟಿ ನೋಡು, ಏನೂ ಮಾಡಲ್ಲ” ಎಂದು ಕೊರಳ ಕೆಳಗೆ ಜೋಲುವ ಚರ್ಮವನ್ನು ತೋರಿಸಿ ಹಿರಿಯರೊಬ್ಬರು ಮಗನನ್ನು ಹತ್ತಿರ ಕರೆದು, ಹೋರಿಯ ಬಾಯಿ ತೆರೆದು, ಹಲ್ಲು ನೋಡಿ ವಯಸ್ಸು ಹೇಳುವುದು ಹೇಗೆಂದು ತೋರಿಸಿದರು: ಹಾಲುಹಲ್ಲು ಬಿದ್ದು ಮೊದಲು ಎರಡು ಹಲ್ಲು, ಆಮೇಲೆ ನಾಲ್ಕು, ಆರು, ಕೊನೆಗೆ ಎಂಟೂ ಬಂದರೆ ಬಾಯಿಗೂಡಿದಂತೆ, ಅಂದರೆ ಹಲ್ಲು ಪೂರ್ತಿಯಾದಂತೆ. ಆಗಷ್ಟೇ ಮುಂದಿನ ಹಲ್ಲು ಬಿದ್ದು ಹೊಸದು ಬರುತ್ತಿದ್ದ ಮಗಳನ್ನು ತಮ್ಮ ಒಂದು ವಾರ ಎರಡು ಹಲ್ಲಿನ ಕರು ಎಂದೇ ಕರೆದ. ಟವೆಲ್ಲಿನ ಕೆಳಗೆ ಬೆರಳು ಹಿಡಿದು, ಸುತ್ತಲಿನವರಿಗೆ ತಿಳಿಯದಂತೆ ಬೆಲೆ ಕುದುರಿಸುವ ದಲ್ಲಾಳಿಗಳ ವ್ಯಾಪಾರವನ್ನು ಅವರಿಬ್ಬರೂ ಈಗ ಮನೆಯಲ್ಲಿ ಚಾಕೊಲೇಟಿಗಾಗಿ ನಡೆಸುತ್ತಾರೆ.

ಜಾತ್ರೆಯ ಜನಜಂಗುಳಿಯಲ್ಲಿ ಮಕ್ಕಳ ಜೇಬಿನಲ್ಲಿ ನಮ್ಮ ಫೋನ್ ನಂಬರು ಬರೆದ ಚೀಟಿ ಇಡುವುದು, ತಪ್ಪಿಸಿಕೊಂಡರೆ ನಿಂತಲ್ಲೇ ನಿಲ್ಲಬೇಕೆಂದು ಹೇಳಿಕೊಡುವುದು ಕಡ್ಡಾಯ. ಶೌಚಾಲಯದ ವಿಷಯದಲ್ಲಿ ಈ ಯಾವ ಜಾಗವನ್ನೂ ಪೂರ್ತಿ ನೆಚ್ಚಿಕೊಳ್ಳುವುದು ಬೇಡ. ದಾರಿಯಲ್ಲಿ ತಿಂಡಿಗೆ ನಿಲ್ಲಿಸುವ ಹೋಟೆಲಿನಲ್ಲೇ ಎಲ್ಲರೂ ಹೋಗಿಬರುವುದು ಒಳ್ಳೆಯದು. ಸಿದ್ಧಗಂಗೆಯ ಕಡೆ ಹೋದಾಗ ನಮ್ಮ ತಿಂಡಿ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಎಂಬುದರಲ್ಲಿ ಚರ್ಚೆಯೇ ಇಲ್ಲ. ಒಂದು ಇಡ್ಲಿಯನ್ನು ಮಕ್ಕಳಿಬ್ಬರಿಗೆ ಹಂಚಿದರೆ ಸಾಕಾಗುತ್ತದೆ.

ಎಲ್ಲಿಗೂ ಹೊರಡಲಾಗದ ವಾರಗಳಲ್ಲಿ ಸಂಜೆ ಊರಿನ ಅಮಾನಿಕೆರೆಗೆ ಹೋಗುತ್ತೇವೆ. ಅತ್ತೆಯವರು ಬೆಂಚಿನಲ್ಲಿ ಕುಳಿತು ಪರಿಚಯದವರೊಡನೆ ಮಾತಿಗಿಳಿದರೆ, ಮಕ್ಕಳು ದಾರಿಯುದ್ದಕ್ಕೂ ಕಲ್ಲು, ಗರಿ, ಬೀಜಗಳನ್ನು ಆರಿಸಿಕೊಂಡು ನಡೆಯುತ್ತಾರೆ. ಆರಿಸಿದ್ದರಲ್ಲಿ ಮನೆಗೆ ತರಲು ಒಬ್ಬರಿಗೆ ಮೂರೇ ವಸ್ತುಗಳಿಗೆ ಅನುಮತಿ. ಯಾವ ಮೂರು ಎಂದು ತೀರ್ಮಾನಿಸುವುದರಲ್ಲೇ ಅರ್ಧ ಗಂಟೆ ಕಳೆಯುವುದರಿಂದ, ಮನೆಗೆ ಹೊರಡುವ ಹೊತ್ತನ್ನು ನಾವು ಅಷ್ಟು ಮುಂಚಿತವಾಗಿಯೇ ಹೇಳಿಬಿಡುತ್ತೇವೆ.