ಪಿಕಪ್ ಟ್ರಕ್ಕಿನ ಮೇಲಿನ ಟೆಂಟ್: ಮೂರು ಬಾರಿ ಕಟ್ಟಿದ ನನ್ನ ಅನುಭವ

ಪಿಕಪ್ ಟ್ರಕ್ಕಿನ ಮೇಲೆ ರೂಫ್‌ಟಾಪ್ ಟೆಂಟ್ ಕೂರಿಸಿಕೊಂಡು ತಿರುಗಾಡಲು ಆರಂಭಿಸಿದ ಮೊದಲ ವರ್ಷ ನನ್ನ ಗಮನವೆಲ್ಲ ಟೆಂಟಿನ ಮೇಲೆಯೇ ಇತ್ತು. ಬಟ್ಟೆ ಎಷ್ಟು ದಪ್ಪವಾಗಿದೆ, ಹಾಸಿಗೆ ಎಷ್ಟು ಮೆತ್ತಗಿದೆ, ಬಿಚ್ಚಿ ನಿಲ್ಲಿಸಲು ಎಷ್ಟು ನಿಮಿಷ ಬೇಕು ಎಂಬುದನ್ನೇ ಲೆಕ್ಕ ಹಾಕುತ್ತಿದ್ದೆ. ಎರಡನೆಯ ವರ್ಷ ಟೆಂಟನ್ನು ಹೊತ್ತಿದ್ದ ರ್ಯಾಕ್ ಬಿರುಕು ಬಿಟ್ಟ ಮೇಲೆ, ಸುಧಾರಿಸಬೇಕಾದ ಮೊದಲ ಜಾಗ ಟೆಂಟು ಗಾಡಿಗೆ ಸೇರುವ ಜಾಗ ಎಂಬುದು ನನಗೆ ಅರ್ಥವಾಯಿತು. ಅಲ್ಲಿಂದ ಎರಡು ಬಾರಿ ಇಡೀ ಜೋಡಣೆಯನ್ನು ಬಿಚ್ಚಿ ಕಟ್ಟಿದ್ದೇನೆ; ಈಗಿನದು ಮೂರನೆಯ ಕಟ್ಟಣೆ.

ಬಿರುಕು ಕಣ್ಣಿಗೆ ಬಿದ್ದದ್ದು ಗಾಡಿ ತೊಳೆಯುವಾಗ. ಎಡಗಡೆಯ ಮುಂದಿನ ಕಾಲು ಅಡ್ಡಪಟ್ಟಿಗೆ ಸೇರುವಲ್ಲಿ, ವೆಲ್ಡಿನ ಅಂಚಿನುದ್ದಕ್ಕೂ ಕೂದಲೆಳೆಯಷ್ಟು ತೆಳುವಾದ ಒಂದು ಗೆರೆ ಇತ್ತು. ಗೆರೆಯ ಸುತ್ತ ಮಸಿಯಂತಹ ಕಪ್ಪು ಪುಡಿ ಅಂಟಿಕೊಂಡಿತ್ತು. ಗ್ರೀಸ್ ಇರಬೇಕೆಂದು ಒರೆಸಿ, ಅಡ್ಡಪಟ್ಟಿಯನ್ನು ಕೈಯಿಂದ ಒತ್ತಿ ಬಿಟ್ಟಾಗ ಆ ಗೆರೆ ಬಾಯಿ ತೆರೆದು ಮುಚ್ಚಿಕೊಂಡಿತು. ಬಿರುಕಿನ ಎರಡೂ ಮುಖಗಳು ದಾರಿಯುದ್ದಕ್ಕೂ ಒಂದಕ್ಕೊಂದು ಉಜ್ಜಿಕೊಂಡಾಗ ಉದುರುವ ಅಲ್ಯೂಮಿನಿಯಂ ಆಕ್ಸೈಡಿನ ಪುಡಿ ಅದು. ಅಂದರೆ ಬಿರುಕು ಅಂದಿನದಾಗಿರಲಿಲ್ಲ. ಬಹಳ ದಿನಗಳಿಂದ ಅದು ನಮ್ಮ ತಲೆಯ ಮೇಲೆಯೇ ಬೆಳೆಯುತ್ತಿತ್ತು.

ಆ ರ್ಯಾಕನ್ನು 6061-ಟಿ6 ಎಂಬ ದರ್ಜೆಯ ಅಲ್ಯೂಮಿನಿಯಂ ಕೊಳವೆಗಳಿಂದ ವೆಲ್ಡ್ ಮಾಡಿಸಿದ್ದೆ. ಉಕ್ಕಿನ ಮೂರನೆಯ ಒಂದು ಭಾಗದಷ್ಟೇ ತೂಗುತ್ತದೆ ಎಂಬ ಕಾರಣಕ್ಕೆ ಆ ಲೋಹವನ್ನು ಆರಿಸಿಕೊಂಡಿದ್ದೆ. ಬಾಗದೆ ನಿಲ್ಲುವ ಅದರ ಬಿಗುವೂ ಉಕ್ಕಿನ ಮೂರನೆಯ ಒಂದು ಭಾಗ ಎಂಬುದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಇನ್ನೊಂದು ಸಂಗತಿಯಿದೆ. ಟಿ6 ಎಂಬುದು ಲೋಹಕ್ಕೆ ಶಾಖ ಸಂಸ್ಕಾರದಿಂದ ಬಂದ ಬಲ. ವೆಲ್ಡಿಂಗಿನ ಬಿಸಿ ತಗುಲಿದ ಪಟ್ಟಿಯಲ್ಲಿ ಆ ಬಲದ ದೊಡ್ಡ ಪಾಲು ಕರಗಿಹೋಗುತ್ತದೆ, ವೆಲ್ಡಿನ ಅಂಚು ಇಡೀ ಚೌಕಟ್ಟಿನ ಅತಿ ದುರ್ಬಲ ಜಾಗವಾಗುತ್ತದೆ. ಇದರ ಜೊತೆಗೆ ಲೋಹದ ದಣಿವು. ಉಕ್ಕಿಗೆ ಒಂದು ಮಿತಿಯೊಳಗಿನ ಒತ್ತಡವನ್ನು ಎಷ್ಟು ಲಕ್ಷ ಬಾರಿ ಕೊಟ್ಟರೂ ಅದು ತಡೆದುಕೊಳ್ಳುತ್ತದೆ. ಅಲ್ಯೂಮಿನಿಯಂಗೆ ಅಂತಹ ಸ್ಪಷ್ಟ ಮಿತಿಯಿಲ್ಲ, ಸಣ್ಣ ಬಾಗುವಿಕೆಯೂ ಸಾಕಷ್ಟು ಬಾರಿ ಮರುಕಳಿಸಿದರೆ ಒಂದು ದಿನ ಬಿರುಕಾಗುತ್ತದೆ. ಹಾಗಾದರೆ ನನ್ನ ರ್ಯಾಕನ್ನು ಅಷ್ಟು ಬಾರಿ ಬಾಗಿಸುತ್ತಿದ್ದದ್ದು ಯಾವುದು?

ಉತ್ತರ ಸಿಕ್ಕಿದ್ದು ಲಾರಿ ಬಾಡಿ ಕಟ್ಟುವ ಒಬ್ಬ ಹಿರಿಯ ಕೆಲಸಗಾರರಿಂದ. ಮುರಿದ ಕಾಲನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ ಅವರು, "ಗಾಡಿ ಮೈ ಮುರಿಯುತ್ತದೆ ಸಾರ್, ನೀವು ಅದರ ಕೈಕಾಲು ಕಟ್ಟಿಹಾಕಿದ್ದೀರಿ" ಎಂದರು. ಲಾರಿಯ ಬಾಡಿಯನ್ನು ಚಾಸಿಗೆ, ಅಂದರೆ ಗಾಡಿಯ ತಳದ ಚೌಕಟ್ಟಿಗೆ, ವೆಲ್ಡ್ ಮಾಡದೆ, ನಡುವೆ ಮರದ ಅಥವಾ ರಬ್ಬರಿನ ಪಟ್ಟಿಯಿಟ್ಟು ಯು-ಬೋಲ್ಟುಗಳಿಂದ ಬಿಗಿಯುವುದು ಈ ಕಾರಣಕ್ಕೇ ಎಂದು ತೋರಿಸಿಕೊಟ್ಟರು. ಪಿಕಪ್ಪಿನಲ್ಲಿ ಕ್ಯಾಬಿನ್ ಬೇರೆ, ಹಿಂದಿನ ಬಾಡಿ ಬೇರೆ. ಎರಡೂ ಏಣಿಯಾಕಾರದ ಒಂದೇ ಚಾಸಿಯ ಮೇಲೆ ರಬ್ಬರ್ ಗುಂಡಿಗಳ ಮೂಲಕವೋ ಬೋಲ್ಟುಗಳ ಮೂಲಕವೋ ಪ್ರತ್ಯೇಕವಾಗಿ ಕುಳಿತಿರುತ್ತವೆ. ಒಂದು ಚಕ್ರ ಹಳ್ಳಕ್ಕಿಳಿದಾಗ ಚಾಸಿ ತಿರುಚಿಕೊಳ್ಳುತ್ತದೆ. ಕ್ಯಾಬಿನ್ ಒಂದು ಕಡೆಗೆ, ಬಾಡಿ ಇನ್ನೊಂದು ಕಡೆಗೆ ವಾಲುತ್ತವೆ. ಟೆಂಟಿನ ಉದ್ದಕ್ಕೆ ಬಾಡಿಯ ಉದ್ದ ಸಾಲದೆಂದು ನಾನು ರ್ಯಾಕಿನ ಮುಂದಿನ ಕಾಲುಗಳನ್ನು ಕ್ಯಾಬಿನ್ನಿನ ಮೇಲೆಯೂ ಹಿಂದಿನ ಕಾಲುಗಳನ್ನು ಬಾಡಿಯ ಮೇಲೆಯೂ ಬಿಗಿದಿದ್ದೆ.

ಮರುದಿನವೇ ಅಳೆದು ನೋಡಿದೆ. ಮುಂದಿನ ಎಡ ಚಕ್ರವನ್ನು ಮತ್ತು ಹಿಂದಿನ ಬಲ ಚಕ್ರವನ್ನು ಎತ್ತರದ ದಿಮ್ಮಿಗಳ ಮೇಲೆ ಹತ್ತಿಸಿ ನಿಲ್ಲಿಸಿದೆ. ಹತ್ತಿಸುವ ಮೊದಲು ಕ್ಯಾಬಿನ್ನಿನ ಹಿಂಬದಿಯಿಂದ ಬಾಡಿಯ ಅಂಚಿನವರೆಗೆ ಸೀಮೆಸುಣ್ಣದಲ್ಲಿ ಒಂದು ನೇರ ಗೆರೆ ಎಳೆದಿದ್ದೆ. ಹತ್ತಿಸಿದ ಮೇಲೆ ಆ ಗೆರೆಯ ಎರಡು ತುಂಡುಗಳ ನಡುವೆ ಹೆಬ್ಬೆರಳಿನ ಅಗಲದಷ್ಟು ಏರುಪೇರು ಕಾಣಿಸಿತು. ಗಾಡಿ ನಿಂತಲ್ಲೇ ಇಷ್ಟಾದರೆ, ಕಚ್ಚಾ ರಸ್ತೆಯಲ್ಲಿ ಪ್ರತಿ ಗುಂಡಿಗೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚಿನ ತಿರುಚನ್ನು ನನ್ನ ವೆಲ್ಡುಗಳು ಒಂಟಿಯಾಗಿ ತಡೆಯಲು ಹೆಣಗುತ್ತಿದ್ದವು. ಇಂತಹ ರ್ಯಾಕ್ ಕಟ್ಟಲು ಹೊರಟವರಿಗೆ ನಾನು ಮೊದಲು ಹೇಳುವುದು ಇದನ್ನೇ: ಕೊಳವೆ ಕೊಯ್ಯುವ ಮೊದಲು ಈ ಗೆರೆ ಎಳೆದು ನೋಡಿ.

ಎರಡನೆಯ ಕಟ್ಟಣೆಯಲ್ಲಿ ಕ್ಯಾಬಿನ್ನಿನ ಸಹವಾಸ ಬಿಟ್ಟು ಎಲ್ಲ ಕಾಲುಗಳನ್ನೂ ಬಾಡಿಯ ಮೇಲಕ್ಕೆ ತಂದೆ. ಇದಕ್ಕಾಗಿ ಉದ್ದನೆಯ ಟೆಂಟನ್ನು ಬಿಟ್ಟು, ಪುಸ್ತಕದಂತೆ ನಡುವೆ ಮಡಚುವ ಟೆಂಟನ್ನು ಆರಿಸಿಕೊಳ್ಳಬೇಕಾಯಿತು. ಮಡಚಿದಾಗ ಅದರ ಉದ್ದ 1.2 ಮೀಟರ್, ಬಿಡಿಸಿದಾಗ 2.4 ಮೀಟರ್. ಮಡಚಿದ ಟೆಂಟಿನ ನೆತ್ತಿ ಕ್ಯಾಬಿನ್ನಿನ ಚಾವಣಿಗೆ ಸಮವಾಗುವಷ್ಟು ಕೆಳಗೆ ರ್ಯಾಕನ್ನು ಇಳಿಸಿದೆ. ಇದರಿಂದಾದ ಲಾಭವನ್ನು ಒಂದು ಲೆಕ್ಕದಿಂದ ಹೇಳಬಹುದು. 2000 ಕಿಲೋ ತೂಗುವ ಗಾಡಿಯ ಗುರುತ್ವ ಕೇಂದ್ರ ನೆಲದಿಂದ 70 ಸೆಂಟಿಮೀಟರ್ ಎತ್ತರದಲ್ಲಿದೆ ಎಂದುಕೊಳ್ಳೋಣ. ಟೆಂಟು ಮತ್ತು ರ್ಯಾಕ್ ಸೇರಿ 90 ಕಿಲೋ ಭಾರವನ್ನು 2.1 ಮೀಟರ್ ಎತ್ತರದಲ್ಲಿ ಇಟ್ಟರೆ ಆ ಕೇಂದ್ರ ಸುಮಾರು 6 ಸೆಂಟಿಮೀಟರ್ ಮೇಲೇರುತ್ತದೆ; ಅದೇ ಭಾರವನ್ನು 1.6 ಮೀಟರಿನಲ್ಲಿ ಇಟ್ಟರೆ 4 ಸೆಂಟಿಮೀಟರಿಗಿಂತ ಕಡಿಮೆ. ಕಾಗದದ ಮೇಲೆ ಇದು ಸಣ್ಣ ವ್ಯತ್ಯಾಸ. ಆದರೆ ಓರೆಯಾದ ಇಳಿಜಾರಿನಲ್ಲಿ ಸ್ಟೀರಿಂಗ್ ಹಿಡಿದವರ ಕೈಗೆ ಅದು ಚೆನ್ನಾಗಿಯೇ ತಿಳಿಯುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಟೆಂಟು ಕ್ಯಾಬಿನ್ನಿನ ಮರೆಗೆ ಬಂದದ್ದು ಹೆದ್ದಾರಿಯಲ್ಲಿಯೂ ನೆರವಾಯಿತು.

ಭಾರದ ವಿಷಯದಲ್ಲಿ ಅನೇಕರು ಎಡವುವ ಒಂದು ಜಾಗವನ್ನು ಇಲ್ಲಿಯೇ ಹೇಳಬೇಕು. ಚಾವಣಿ ಅಥವಾ ರ್ಯಾಕಿಗೆ ಎರಡು ಮಿತಿಗಳಿರುತ್ತವೆ: ಗಾಡಿ ಓಡುವಾಗಿನದು ಒಂದು, ನಿಂತಾಗಿನದು ಇನ್ನೊಂದು. ರಾತ್ರಿ ಇಬ್ಬರು ಮಲಗಿದಾಗ ಟೆಂಟೂ ಸೇರಿ 200 ಕಿಲೋ ದಾಟಿದರೂ ಅದು ನಿಶ್ಚಲ ಭಾರ. ಓಡುವಾಗಿನ 65 ಕಿಲೋ ಟೆಂಟು ಗುಂಡಿಯಲ್ಲಿ ಕುಕ್ಕಿದಾಗ ಕ್ಷಣಕಾಲ ತನ್ನ ತೂಕದ ಎರಡು ಮೂರು ಪಟ್ಟು ಒತ್ತಡ ಹಾಕಬಲ್ಲದು. ಆದ್ದರಿಂದ ಓಡುವಾಗಿನ ಮಿತಿಯನ್ನು ನೋಡಿಯೇ ಟೆಂಟಿನ ತೂಕವನ್ನು ನಿರ್ಧರಿಸಬೇಕು.

ಎರಡನೆಯ ಕಟ್ಟಣೆ ಬಿರುಕು ಬಿಡಲಿಲ್ಲ, ಆದರೆ ಬೋಲ್ಟುಗಳು ಸಡಿಲವಾಗುತ್ತಲೇ ಇದ್ದವು. ಬಾಡಿಯೂ ಹಿಂಬಾಗಿಲಿನ ಕಡೆ ತೆರೆದ ಪೆಟ್ಟಿಗೆಯಾದ್ದರಿಂದ ಅದರ ಎರಡು ಗೋಡೆಗಳು ಹಿಂದೆ ಮುಂದೆ ಜಾರುತ್ತವೆ, ನಾಲ್ಕು ಕಾಲುಗಳ ರ್ಯಾಕ್ ಮತ್ತೆ ಅದೇ ಜಗಳಕ್ಕೆ ನಿಲ್ಲುತ್ತದೆ. ಆಗ ಮೂರು ಬಿಂದುಗಳ ಜೋಡಣೆಯ ಕಡೆ ತಿರುಗಿದೆ. ಉನಿಮೋಗ್‌ನಂತಹ, ಚಾಸಿ ಬಹಳ ತಿರುಚಿಕೊಳ್ಳುವ ಟ್ರಕ್ಕುಗಳ ಮೇಲೆ ವಾಸದ ಪೆಟ್ಟಿಗೆಗಳನ್ನು ಕೂರಿಸುವವರು ಬಹು ಕಾಲದಿಂದ ಅನುಸರಿಸಿಕೊಂಡು ಬಂದ ಕ್ರಮ ಅದು. ನಾಲ್ಕು ಕಾಲಿನ ಮೇಜು ಏರುಪೇರಾದ ನೆಲದಲ್ಲಿ ಕುಂಟುತ್ತದೆ. ಮುಕ್ಕಾಲಿ ಎಲ್ಲಿಟ್ಟರೂ ನೆಟ್ಟಗೆ ಕೂರುತ್ತದೆ. ಅದೇ ನ್ಯಾಯವನ್ನು ಸಣ್ಣ ಪ್ರಮಾಣದಲ್ಲಿ ನನ್ನ ರ್ಯಾಕಿಗೆ ಅನ್ವಯಿಸಿದೆ.

ರ್ಯಾಕಿನ ಮುಂದಿನ ಎರಡು ಕಾಲುಗಳನ್ನು ಬಾಡಿಯ ಮುಂಗೋಡೆಯ ಬಳಿ, ಅಂದರೆ ಬಾಡಿ ಅತಿ ಗಟ್ಟಿಯಾಗಿರುವ ಕಡೆ, ಬೋಲ್ಟ್ ಮಾಡಿದೆ. ಹಿಂದಿನ ಎರಡು ಕಾಲುಗಳನ್ನು ತೆಗೆದುಹಾಕಿ, ಅವುಗಳ ಬದಲಿಗೆ ಬಾಡಿಯ ಅಗಲಕ್ಕೆ ಉಕ್ಕಿನ ಒಂದು ಚೌಕ ಕೊಳವೆಯನ್ನು ತೊಲೆಯಂತೆ ಇಟ್ಟೆ. ಅದರ ನಟ್ಟನಡುವೆ, ಲೀಫ್ ಸ್ಪ್ರಿಂಗಿನ ಕಣ್ಣಿಗೆ ಹಾಕುವಂತಹ ರಬ್ಬರ್ ಬುಷ್ (ಪಿನ್ನಿನ ಸುತ್ತ ಕೂರುವ ತೋಳು) ಕೂರಿಸಿ, ಗಾಡಿಯ ಉದ್ದಕ್ಕೆ ಮುಖಮಾಡಿದ 20 ಮಿಲಿಮೀಟರ್ ದಪ್ಪದ ಒಂದು ಪಿನ್ನಿನಿಂದ ರ್ಯಾಕಿನ ಹಿಂಭಾಗವನ್ನು ಜೋಡಿಸಿದೆ. ಬಾಡಿ ಎಡಕ್ಕೋ ಬಲಕ್ಕೋ ತಿರುಚಿಕೊಂಡಾಗ ತೊಲೆ ಪಿನ್ನಿನ ಸುತ್ತ ತಕ್ಕಡಿಯ ದಂಡದಂತೆ ಆಡುತ್ತದೆ. ಆ ತಿರುಚು ಟೆಂಟಿನ ತಳಕ್ಕೆ ತಲುಪುವುದಿಲ್ಲ. ಪಿನ್ನು ರ್ಯಾಕನ್ನು ಮೇಲಕ್ಕೇಳದಂತೆಯೂ ಹಿಡಿಯುತ್ತದೆ. ಗಾಡಿ ವೇಗವಾಗಿ ಹೋಗುವಾಗ ಟೆಂಟಿನಡಿ ನುಗ್ಗುವ ಗಾಳಿ ಅದನ್ನು ಎತ್ತಲು ಯತ್ನಿಸುವುದರಿಂದ ಇದು ಬಹಳ ಮುಖ್ಯ.

ಇದರಲ್ಲಿ ಒಂದು ತೊಡಕಿತ್ತು. ಗಾಡಿ ನಿಂತ ಮೇಲೆ ನಾವು ಒಳಗೆ ಮಗ್ಗುಲು ಬದಲಿಸಿದಾಗಲೆಲ್ಲ ಟೆಂಟು ತೊಟ್ಟಿಲಿನಂತೆ ತೂಗುತ್ತಿತ್ತು. ತೊಲೆಯ ಎರಡೂ ತುದಿಗಳಲ್ಲಿ, ರ್ಯಾಕಿಗೂ ತೊಲೆಗೂ ನಡುವೆ 15 ಮಿಲಿಮೀಟರ್ ತೆರವು ಬಿಟ್ಟು, ಆ ತೆರವಿನಲ್ಲಿ ರಬ್ಬರ್ ತಲೆಯ ಒಂದೊಂದು ತಿರುಪು ಬೋಲ್ಟ್ ಇಟ್ಟೆ. ತಂಗುವ ಜಾಗಕ್ಕೆ ಬಂದ ಮೇಲೆ ಎರಡನ್ನೂ ಕೈಯಿಂದಲೇ ತಿರುಗಿಸಿ ತೆರವನ್ನು ತುಂಬಿದರೆ ರ್ಯಾಕ್ ಅಲುಗಾಡದೆ ನಿಲ್ಲುತ್ತದೆ. ಹೊರಡುವ ಮುನ್ನ ಮತ್ತೆ ಸಡಿಲಿಸಬೇಕು. ಮರೆಯಬಾರದೆಂದು ಆ ಬೋಲ್ಟುಗಳ ಹಿಡಿಕೆಗೆ ಕೆಂಪು ಬಣ್ಣ ಬಳಿದಿದ್ದೇನೆ, ಬಿಗಿದ ಸ್ಥಿತಿಯಲ್ಲಿ ಆ ಹಿಡಿಕೆ ಹಿಂಬಾಗಿಲು ಮುಚ್ಚಲು ಅಡ್ಡವಾಗುವಂತೆ ಇಟ್ಟಿದ್ದೇನೆ. ನೆನಪನ್ನು ನಂಬಿ ಸುರಕ್ಷತೆಯನ್ನು ಬಿಡುವುದು ನನಗೆ ಒಪ್ಪಿಗೆಯಿಲ್ಲ.

ಹಳೆಯ ರ್ಯಾಕಿನ ವೆಲ್ಡುಗಳ ಬದಲಿಗೆ ಈಗ ಮೂಲೆಮೂಲೆಗೂ ತ್ರಿಕೋನ ತಗಡುಗಳನ್ನಿಟ್ಟು ಬೋಲ್ಟ್ ಮಾಡಿದ್ದೇನೆ. ಅಲ್ಯೂಮಿನಿಯಂ ಕೊಳವೆಗೆ ಸ್ಟೇನ್‌ಲೆಸ್ ಬೋಲ್ಟ್ ನೇರವಾಗಿ ತಾಗಿದರೆ, ನಡುವೆ ನೀರು ಸೇರಿದಾಗ ಅಲ್ಯೂಮಿನಿಯಂ ಬ್ಯಾಟರಿಯ ತಗಡಿನಂತೆ ಸವೆಯುತ್ತದೆ. ಅದಕ್ಕಾಗಿ ನೈಲಾನ್ ವಾಷರುಗಳನ್ನೂ ಬೋಲ್ಟಿನ ಮೈಗೆ ಪ್ಲಾಸ್ಟಿಕ್ ತೋಳುಗಳನ್ನೂ ಹಾಕಿದೆ. ಹೊರೆಯನ್ನು ಬಿಗಿಯಾಗಿ ಹಿಡಿಯಬೇಕಾದ ಮುಖ್ಯ ಬೋಲ್ಟುಗಳಲ್ಲಿ ಮಾತ್ರ ನೈಲಾನ್ ಬಿಟ್ಟು ಸತು ಲೇಪಿತ ಉಕ್ಕನ್ನು ಬಳಸಿದೆ, ಏಕೆಂದರೆ ನೈಲಾನ್ ಒತ್ತಡಕ್ಕೆ ಕ್ರಮೇಣ ಹಿಂಡಿಕೊಂಡು ಬಿಗಿಯನ್ನು ಕಳೆಯುತ್ತದೆ. ಪ್ರತಿ ನಟ್ಟಿನಿಂದ ತಗಡಿನವರೆಗೆ ಬಣ್ಣದ ಒಂದು ಗೆರೆ ಎಳೆದಿರುವುದರಿಂದ, ಯಾವುದು ತಿರುಗಿದೆ ಎಂಬುದು ಪಾನೆ ಹಿಡಿಯದೆಯೇ ಕಣ್ಣಿಗೆ ಕಾಣುತ್ತದೆ.

ಬಿಡಿಸಿದ ಟೆಂಟಿನ ಅರ್ಧ ತಳ ಹಿಂಬಾಗಿಲಿನಾಚೆ ತೆರವಿನಲ್ಲಿ ಚಾಚಿರುತ್ತದೆ, ಅದಕ್ಕೆ ಏಣಿಯೇ ಕಂಬ. ಜನ ಹತ್ತಿದಾಗ ಗಾಡಿ ಸ್ಪ್ರಿಂಗುಗಳ ಮೇಲೆ ಕುಸಿಯುತ್ತದೆ, ಏಣಿ ಕುಸಿಯುವುದಿಲ್ಲ. ಆಗ ಎಣಿಸಿದ್ದಕ್ಕಿಂತ ಹೆಚ್ಚಿನ ಭಾರ ಏಣಿಗೆ ದಾಟಿ, ತಳದ ಹೊರಗಿನ ಅರ್ಧ ಮಡಿಕೆಯ ಕೀಲಿನಲ್ಲಿ ಮೇಲಕ್ಕೆ ಎದ್ದುನಿಲ್ಲುತ್ತದೆ. ಒಬ್ಬರು ಒಳಗೆ ಹೋದ ಮೇಲೆ ಇನ್ನೊಬ್ಬರು ಏಣಿಯ ಎತ್ತರವನ್ನು ಒಂದು ತೂತು ಇಳಿಸುವುದು, ಮೆದು ನೆಲದಲ್ಲಿ ಏಣಿಯ ಪಾದಕ್ಕೆ ಹಲಗೆ ಕೊಡುವುದು ನಮಗೆ ಈಗ ಅಭ್ಯಾಸವಾಗಿದೆ.

ಜೋಡಣೆ ಸರಿಯಾದ ಮೇಲೆ ಉಳಿದ ದೊಡ್ಡ ವಿಷಯ ತೇವ. ಒಂದು ಚಳಿಯ ಬೆಳಿಗ್ಗೆ ಹಾಸಿಗೆಯ ಮೂಲೆ ಎತ್ತಿದಾಗ, ತಳದ ಅಲ್ಯೂಮಿನಿಯಂ ಹಾಳೆಯ ಮೇಲೆ ನೀರಹನಿಗಳು ಸಾಲುಸಾಲಾಗಿ ನಿಂತಿದ್ದವು. ಹಾಳೆಯ ಕೆಳಗೆ ರ್ಯಾಕಿನ ಪಟ್ಟಿಗಳು ಹಾದುಹೋಗಿದ್ದ ಜಾಗಗಳನ್ನು ಆ ಸಾಲುಗಳು ನಕ್ಷೆ ಬರೆದಂತೆ ತೋರಿಸುತ್ತಿದ್ದವು. ಮಳೆ ಬಂದಿರಲಿಲ್ಲ. ಅದು ನಮ್ಮದೇ ಉಸಿರಿನ ಮತ್ತು ಬೆವರಿನ ನೀರು. ಇಬ್ಬರು ರಾತ್ರಿಯಿಡೀ ಮಲಗಿದರೆ ಅರ್ಧ ಲೀಟರಿನಷ್ಟು ನೀರು ಆವಿಯಾಗಿ ಒಳಗೆ ಸೇರುತ್ತದೆ. 20 ಡಿಗ್ರಿ ಬಿಸಿಯ, ಶೇ 60 ತೇವಾಂಶದ ಗಾಳಿ 12 ಡಿಗ್ರಿಯ ಲೋಹವನ್ನು ಮುಟ್ಟಿದರೆ ಹನಿಗಟ್ಟತೊಡಗುತ್ತದೆ. ಹಾಳೆ ಹೊರಗಿನ ಚಳಿಯನ್ನು ನೇರವಾಗಿ ಒಳಗೆ ತರುತ್ತಿತ್ತು.

ಇದಕ್ಕೆ ಎರಡು ಪರಿಹಾರಗಳನ್ನು ಒಟ್ಟಿಗೆ ಮಾಡಿದೆ. ಹಾಳೆಯ ಮೇಲೆ 20 ಮಿಲಿಮೀಟರಿನ ಗಟ್ಟಿ ಫೋಮ್ ಹಲಗೆಯನ್ನೂ, ಅದರ ಮೇಲೆ ಗಾಳಿಯಾಡುವ ಪ್ಲಾಸ್ಟಿಕ್ ಜಾಳಿಗೆಯನ್ನೂ ಹಾಸಿ, ಅನಂತರ ಹಾಸಿಗೆ ಹಾಕಿದೆ. ಗಾಳಿಗೆ ತಲೆಯ ಕಡೆ ತಗ್ಗಿನಲ್ಲಿ ಒಂದು, ಕಾಲಿನ ಕಡೆ ಟೆಂಟಿನ ನೆತ್ತಿಯ ಹತ್ತಿರ ಒಂದು ಕಿಂಡಿ ಇಟ್ಟೆ. ಚಳಿಯೆಂದು ಕಿಂಡಿ ಮುಚ್ಚಿದ ರಾತ್ರಿಯೇ ಬಟ್ಟೆ ಹೆಚ್ಚು ಒದ್ದೆಯಾಗುವುದನ್ನು ಕಂಡ ಮೇಲೆ ಅವುಗಳನ್ನು ಪೂರ್ತಿ ಮುಚ್ಚಲು ಬಾರದಂತೆಯೇ ಹೊಲಿಸಿದ್ದೇನೆ. ಕಿಂಡಿಯಿದೆ ಎಂಬ ಧೈರ್ಯದಿಂದ ಯಾರೂ ಒಳಗೆ ಒಲೆ ಹಚ್ಚಬಾರದು; ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ನಿದ್ದೆಯಲ್ಲಿರುವವರಿಗೆ ಅದು ಸುಳಿವು ಕೊಡುವುದಿಲ್ಲ.

ಬಟ್ಟೆಯ ವಿಷಯದಲ್ಲಿ ಹತ್ತಿ ಬೆರೆತ ಕ್ಯಾನ್ವಾಸೇ ನನ್ನ ಆಯ್ಕೆ. ನೀರು ಬಿದ್ದಾಗ ಹತ್ತಿಯ ನೂಲು ಉಬ್ಬಿ ಹೊಲಿಗೆಯ ತೂತುಗಳನ್ನು ತಾನೇ ಮುಚ್ಚುತ್ತದೆ. ಹೊಸ ಟೆಂಟನ್ನು ಮೊದಲ ಪ್ರವಾಸಕ್ಕೆ ಮುನ್ನ ಒಂದೆರಡು ಬಾರಿ ಚೆನ್ನಾಗಿ ನೆನೆಸಿ ಒಣಗಿಸಬೇಕು ಎನ್ನುವುದು ಇದಕ್ಕಾಗಿಯೇ. ಒದ್ದೆಯಲ್ಲೇ ಮಡಚಿದ ಟೆಂಟನ್ನು ಊರು ಸೇರಿದ ದಿನವೇ ಬಿಡಿಸಿ ಒಣಗಿಸದಿದ್ದರೆ ಬೂಷ್ಟು ಹಿಡಿಯುತ್ತದೆ, ಒಮ್ಮೆ ಹಿಡಿದ ಬೂಷ್ಟಿನ ಕಲೆ ಹೋಗುವುದಿಲ್ಲ.

ಮೂರನೆಯ ಕಟ್ಟಣೆಯ ಮೇಲೆ ಎರಡು ಮಳೆಗಾಲಗಳು ಕಳೆದಿವೆ. ಬಣ್ಣದ ಗೆರೆಗಳಲ್ಲಿ ಒಂದೂ ಕದಲಿಲ್ಲ. ಆದರೆ ತಳದ ಎರಡು ಅರ್ಧಗಳು ಸೇರುವ ಮಡಿಕೆಯಲ್ಲಿ, ಬಟ್ಟೆ ಪ್ರತಿ ಬಾರಿ ಒಂದೇ ಜಾಗದಲ್ಲಿ ಮಡಚಿಕೊಂಡು ಲೇಪ ಬಿಡತೊಡಗಿದೆ. ಗಾಳಿ ಹಿಂದಿನಿಂದ ಬೀಸುವ ಮಳೆಯಲ್ಲಿ ಅಲ್ಲಿಂದ ನೀರು ಜಿನುಗುತ್ತದೆ. ಕೀಲಿನ ಅಕ್ಷವನ್ನು ಹಲಗೆಯ ಮೇಲ್ಮೈಗಿಂತ ಎರಡು ಬೆರಳು ಎತ್ತರಿಸಿದರೆ ಬಟ್ಟೆ ಚೂಪಾಗಿ ಮುರಿಯದೆ ದುಂಡಗೆ ಬಾಗಬಹುದೆಂದು ರಟ್ಟಿನಲ್ಲಿ ಮಾದರಿ ಮಾಡಿ ನೋಡಿದ್ದೇನೆ. ಮುಂದಿನ ಬಾರಿ ಬಿಚ್ಚಿದಾಗ ಅದನ್ನು ಲೋಹದಲ್ಲಿ ಮಾಡಿಸುತ್ತೇನೆ.